ಜಠರಬಂಧದ ಚರಿತ್ರೆ

ಶಸ್ತ್ರವೈದ್ಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಸ್ತ್ರವನ್ನು ಹಿಡಿದವರ ಕಥೆಯನ್ನೇ ಬರೆಯುವರು. ಯಾವ ವರ್ಷದಲ್ಲಿ ಯಾವ ವೈದ್ಯನು ಯಾವ ಅಂಗವನ್ನು ಮೊದಲು ಕೊಯ್ದು ಹೊಲಿದನೆಂಬುದನ್ನು ಹೇಳಿ, ರೋಗಿಯು ಗುಣಹೊಂದಿ ಮನೆಗೆ ತೆರಳಿದನೆಂಬಲ್ಲಿಗೆ ಆ ಕಥೆ ಮುಗಿಯುವುದು. ಮುರಿದ ಎಲುಬು, ಪೊರೆ ಬೆಳೆದ ಕಣ್ಣು ಮುಂತಾದುವುಗಳ ವಿಷಯದಲ್ಲಿ ಇಷ್ಟು ಸಾಕಾಗಬಹುದು. ಆದರೆ ಸ್ಥೂಲಕಾಯರ ಜಠರದ ಮೇಲ್ಭಾಗಕ್ಕೆ ಪಟ್ಟಿಯೊಂದನ್ನು ತೊಡಿಸಿ ಅವರ ಆಹಾರವನ್ನು ಮಿತಗೊಳಿಸುವ ಚಿಕಿತ್ಸೆಯೊಂದುಂಟು. ಅದನ್ನು ಕನ್ನಡದಲ್ಲಿ ಜಠರಬಂಧವೆಂದು ಕರೆಯಬಹುದು. ಇದರ ಚರಿತ್ರೆಯ ಮುಖ್ಯಭಾಗವು ರೋಗಿಯು ಮನೆಗೆ ಹಿಂದಿರುಗಿದ ಮೇಲೆಯೇ ಆರಂಭವಾಗುವುದು. ಪಟ್ಟಿಯನ್ನು ತೊಡಿಸುವ ಕೆಲಸ ಸುಮಾರು ಒಂದು ಗಂಟೆಯದು. ತೊಡಿಸಿಕೊಂಡವನು ಊಟದ ಎಲೆಯ ಮುಂದೆ ನಡೆಸಬೇಕಾದ ಕೆಲಸ ವರ್ಷಗಟ್ಟಲೆಯದು. ಈ ಎರಡನೆಯ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಜಠರಬಂಧದ ಏಳುಬೀಳುಗಳನ್ನು ತಿಳಿಯಲಾಗದು.

ಸ್ಥೌಲ್ಯವು ಹೊಸ ರೋಗವಲ್ಲ. ಅದಕ್ಕೆ ಅಂಟಿಕೊಂಡು ಬಂದ ಅಪವಾದವೂ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನವು ಅತಿಸ್ಥೂಲನನ್ನು ಎಂಟು ಬಗೆಯ ನಿಂದಿತ ಶರೀರಿಗಳ ಪಂಕ್ತಿಯಲ್ಲಿ ಕುಳ್ಳಿರಿಸಿದೆ. ಅತಿಕೃಶನೂ ಅದೇ ಪಂಕ್ತಿಯವನೇ. ಆದರೂ ಇಬ್ಬರಲ್ಲಿ ಸ್ಥೂಲನಿಗೆ ಚಿಕಿತ್ಸೆ ಮಾಡುವುದೇ ಹೆಚ್ಚು ಕಷ್ಟವೆಂದು ಆ ಗ್ರಂಥದ ಮತ. ಮಿತಾಹಾರದ ವ್ರತವನ್ನು ಹಿಡಿದು ತಮ್ಮ ಅನುಭವವನ್ನು ಬರೆದಿಟ್ಟವರಲ್ಲಿ ಯುರೋಪಿನ ಇಬ್ಬರು ಗೃಹಸ್ಥರು ಪ್ರಸಿದ್ಧರು. ಮೊದಲನೆಯವನು ವೆನಿಸ್ ರಾಜ್ಯದ ಲುಯಿಜಿ ಕೊರ್ನಾರೊ. ತಿಂದು ಕುಡಿದು ಆರೋಗ್ಯವನ್ನು ಕೆಡಿಸಿಕೊಂಡಿದ್ದ ಈತನು ವೈದ್ಯರ ಮಾತಿಗೆ ತಲೆಬಾಗಿ, ದಿನಕ್ಕೆ ೧೨ ಔನ್ಸು ಆಹಾರ, ೧೪ ಔನ್ಸು ದ್ರಾಕ್ಷಾಮದ್ಯ, ಇಷ್ಟಕ್ಕೇ ತೃಪ್ತನಾಗಿ ಬಹುಕಾಲ ಬಾಳಿದನು. ಮುಪ್ಪಿನಲ್ಲಿ ಬಂಧುಮಿತ್ರರು ಇನ್ನೂ ಸ್ವಲ್ಪ ತಿನ್ನಬೇಕೆಂದು ಒತ್ತಾಯಮಾಡಲಾಗಿ, ಎರಡೆರಡು ಔನ್ಸು ಹೆಚ್ಚಿಸಿ ಕಾಯಿಲೆ ಬಿದ್ದುದನ್ನು ಆತನೇ ತನ್ನ ಪ್ರಬಂಧದಲ್ಲಿ ಹೇಳಿಕೊಂಡಿರುವನು. ಆ ಪ್ರಬಂಧವು ೧೫೫೮ರಲ್ಲಿ ಅಚ್ಚಾಯಿತು.

ಎರಡನೆಯವನು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ಶವಸಂಸ್ಕಾರದ ಏರ್ಪಾಡುಗಳನ್ನು ಮಾಡಿಕೊಡುವ ವೃತ್ತಿಯವನು. ೧೮೬೨ರಲ್ಲಿ, ಅರವತ್ತು ದಾಟಿದ ಆತನ ತೂಕ ೨೦೨ ಪೌಂಡಿದ್ದಿತು. ಬಗ್ಗಿ ಪಾದರಕ್ಷೆಯ ದಾರವನ್ನು ಕಟ್ಟಲಾರನು. ಮೆಟ್ಟಲುಗಳನ್ನು ಹಿಮ್ಮುಖವಾಗಿ ಇಳಿಯಬೇಕಾಗಿದ್ದಿತು. ಕಿವಿಯ ವೈದ್ಯನಾದ ವಿಲಿಯಂ ಹಾರ್ವೆಯು ರೊಟ್ಟಿ, ಸಕ್ಕರೆ, ಆಲೂಗೆಡ್ಡೆ, ಬಿಯರ್ ಮುಂತಾದುವನ್ನು ಬಿಡಿಸಲಾಗಿ ಸುಮಾರು ಒಂದು ವರ್ಷದಲ್ಲಿ ೪೬ ಪೌಂಡು ಇಳಿಯಿತು. ಈ ವೃತ್ತಾಂತವನ್ನು ಬ್ಯಾಂಟಿಂಗ್ ೧೮೬೩ರಲ್ಲಿ ಪತ್ರರೂಪವಾಗಿ ಅಚ್ಚುಹಾಕಿಸಿದನು. ಅದು ಎಷ್ಟು ಜನಪ್ರಿಯವಾಯಿತೆಂದರೆ, ಪಥ್ಯದಿಂದ ತೂಕವನ್ನು ಇಳಿಸಿಕೊಳ್ಳುವುದಕ್ಕೆ ಸ್ವೀಡನ್ನಿನ ಭಾಷೆಯಲ್ಲಿ ಆತನ ಹೆಸರಿನಿಂದ ಹುಟ್ಟಿದ ‘ಬಾಂಟಾ’ ಎಂಬ ಕ್ರಿಯಾಪದವು ಇಂದಿಗೂ ರೂಢಿಯಲ್ಲಿದೆ. ದಾರ ಕಟ್ಟಲಾರದ ನಾಚಿಕೆಯಿಂದ ಹಿಡಿದು ನೆಂಟರ ಒತ್ತಾಯದವರೆಗೆ ಈ ಇಬ್ಬರೂ ಹೇಳಿದ ಕಷ್ಟಗಳೇ ಮುಂದೆ ಜಠರಬಂಧದ ರೋಗಿಗಳಲ್ಲಿಯೂ ಕಾಣಿಸಿಕೊಂಡುವು.

ಪಥ್ಯದಿಂದ ಇಳಿದ ತೂಕವು ಬಹುಮಂದಿಗೆ ಮರಳಿ ಬರುವುದನ್ನು ಕಂಡ ವೈದ್ಯರು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಶಸ್ತ್ರದ ಕಡೆಗೆ ತಿರುಗಿದರು. ಅಮೆರಿಕದ ಮಿನಸೋಟದಲ್ಲಿ ಕ್ರೆಮೆನ್ ಮತ್ತು ಅವರ ಸಂಗಡಿಗರು, ಸಣ್ಣಕರುಳಿನ ಬಹುಭಾಗವನ್ನು ಬಳಸುದಾರಿಯಿಂದ ತಪ್ಪಿಸಿ ಮೊದಲನ್ನು ತುದಿಗೆ ಜೋಡಿಸುವ ಕ್ರಮವನ್ನು ೧೯೫೪ರಲ್ಲಿ ಪ್ರಕಟಿಸಿದರು. ಉಂಡ ಅನ್ನವು ಮೈಗೆ ಹತ್ತದೆ ತೂಕವೇನೋ ಇಳಿಯಿತು; ಆದರೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ನಾಶ ಇವು ಹಿಂಬಾಲಿಸಿ ಬಂದುವು. ೧೯೮೦ರ ಸುಮಾರಿಗೆ ಆ ಕ್ರಮವನ್ನು ಕೈಬಿಡಬೇಕಾಯಿತು. ಈ ನಡುವೆ ಐಯೊವ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ನರು, ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ಸುಲಭವಾಗಿ ದಪ್ಪವಾಗದಿರುವುದನ್ನು ಗಮನಿಸಿ, ಜಠರದ ಮೇಲ್ಭಾಗದಲ್ಲಿ ಒಂದು ಕಿರುಚೀಲವನ್ನು ಮಾಡಿ ಅದನ್ನು ನೇರವಾಗಿ ಕರುಳಿಗೆ ಸೇರಿಸುವ ಮಾರ್ಗವನ್ನು ೧೯೬೬ರಲ್ಲಿ ತೆರೆದರು. ಫಲವು ಒಳ್ಳೆಯದಾಗಿದ್ದರೂ ಜಠರವನ್ನೂ ಕರುಳನ್ನೂ ಕತ್ತರಿಸಬೇಕಾಗಿದ್ದುದರಿಂದ ಅದು ದೊಡ್ಡ ಶಸ್ತ್ರಕ್ರಿಯೆಯೇ ಆಗಿದ್ದಿತು.

ಏನನ್ನೂ ಕತ್ತರಿಸದೆ ಹೊರಗಿನಿಂದ ಕಟ್ಟಿದರೆ ಸಾಲದೆ ಎಂಬ ಪ್ರಶ್ನೆಯಿಂದ ಜಠರಬಂಧವು ಹುಟ್ಟಿತು. ೧೯೭೮ರಲ್ಲಿ ಅಮೆರಿಕದ ವಿಲ್ಕಿನ್‌ಸನ್ ಮತ್ತು ಪೆಲೋಸೋ ಎಂಬವರು ಜಠರದ ಮೇಲ್ಭಾಗಕ್ಕೆ ಎರಡು ಸೆಂಟಿಮೀಟರು ಅಗಲದ ಕೃತಕ ಬಲೆಯ ಪಟ್ಟಿಯನ್ನು ಸುತ್ತಿದರು. ಈ ಮೊದಲ ಕಟ್ಟುಗಳಲ್ಲಿ ಒಂದು ದೋಷವಿದ್ದಿತು. ಒಮ್ಮೆ ಕಟ್ಟಿದ ಅಳತೆಯನ್ನು ಮತ್ತೆ ಬದಲಿಸುವಂತಿರಲಿಲ್ಲ. ಒಬ್ಬನಿಗೆ ಅದು ಬಿಗಿಯಾಗಿ ಗುಟುಕು ನೀರೂ ಇಳಿಯದು. ಇನ್ನೊಬ್ಬನಿಗೆ ಸಡಿಲವಾಗಿ ಕಟ್ಟಿದ್ದೇ ವ್ಯರ್ಥವಾಗುವುದು. ಈ ದೋಷವನ್ನು ನೀಗಿಸಿದವರಲ್ಲಿ ಉಕ್ರೇನ್ ಮೂಲದವರಾಗಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲಸಿದ್ದ ಲುಬೊಮಿರ್ ಕುಜ್ಮಕ್ ಎಂಬ ಶಸ್ತ್ರವೈದ್ಯರು ಮುಖ್ಯರು. ೧೯೮೩ರಲ್ಲಿ ಅವರು ಸಿಲಿಕೋನಿನ ಪಟ್ಟಿಯನ್ನು ಬಳಸಲು ತೊಡಗಿ, ೧೯೮೬ರಲ್ಲಿ ಅದರ ಒಳಮೈಗೆ ಊದುವ ಚೀಲವೊಂದನ್ನು ಅಳವಡಿಸಿದರು. ಚೀಲದಿಂದ ಹೊರಟ ಸಣ್ಣ ಕೊಳವೆಯು ಹೊಟ್ಟೆಯ ಚರ್ಮದ ಕೆಳಗೆ ಇರಿಸಿದ ಗುಂಡಿಯಂತಹ ಪಾತ್ರೆಯನ್ನು ಸೇರುವುದು. ಚರ್ಮದ ಮೇಲಿನಿಂದ ಸೂಜಿಯನ್ನು ಚುಚ್ಚಿ ಲವಣಜಲವನ್ನು ತುಂಬಿದರೆ ಕಟ್ಟು ಬಿಗಿಯಾಗುವುದು; ಹಿಂದಕ್ಕೆ ಎಳೆದರೆ ಸಡಿಲವಾಗುವುದು. ಅದೇ ದಶಕದಲ್ಲಿ ಆಸ್ಟ್ರಿಯ, ಸ್ವೀಡನ್ ದೇಶಗಳಲ್ಲಿಯೂ ಇಂತಹ ಪ್ರಯತ್ನಗಳು ನಡೆದುವು.

ಆ ವರೆಗೆ ಪಟ್ಟಿಯನ್ನು ತೊಡಿಸಲು ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಾಗಿದ್ದಿತು. ಇಥಿಯೋಪಿಯದ ಹಳ್ಳಿಯೊಂದರಲ್ಲಿ ಕುರಿ ಕಾಯುವ ಹುಡುಗನಾಗಿ ಬೆಳೆದು, ಬೆಲ್ಜಿಯಂನಲ್ಲಿ ಶಸ್ತ್ರವೈದ್ಯರಾದ ಮಿತಿಕು ಬೆಲಾಚ್ಯೂ ಎಂಬವರು, ಹುಯಿ ಎಂಬ ಪಟ್ಟಣದಲ್ಲಿ ೧೯೯೩ರ ಸೆಪ್ಟೆಂಬರು ೧ರಂದು, ಸಣ್ಣ ರಂಧ್ರಗಳ ಮೂಲಕ ಲ್ಯಾಪರಾಸ್ಕೋಪ್ ಎಂಬ ದರ್ಶಕಯಂತ್ರವನ್ನು ತೂರಿಸಿ ಹೊಂದಿಸಬಹುದಾದ ಪಟ್ಟಿಯನ್ನು ಮೊದಲಬಾರಿಗೆ ತೊಡಿಸಿದರು. ಅಲ್ಲಿಂದ ಮುಂದೆ ರೋಗಿಯು ಮಾರನೆಯ ದಿನವೇ ಮನೆಗೆ ಹೋಗುವಂತಾಯಿತು. ಯುರೋಪು, ಆಸ್ಟ್ರೇಲಿಯಗಳಲ್ಲಿ ಜಠರಬಂಧವು ಬೇಗನೆ ಹರಡಿತು. ೨೦೦೧ರ ಜೂನ್ ತಿಂಗಳಿನಲ್ಲಿ ಅಮೆರಿಕದ ಸರ್ಕಾರವೂ ಅದಕ್ಕೆ ಅನುಮತಿಯನ್ನಿತ್ತಿತು.

ಪಟ್ಟಿಯು ಕೆಲಸಮಾಡುವ ಬಗೆಯನ್ನು ಕುರಿತು ಆರಂಭದಲ್ಲಿ ತಪ್ಪು ತಿಳಿವಳಿಕೆಯಿದ್ದಿತು. ಪಟ್ಟಿಯ ಮೇಲೆ ಒಂದೆರಡು ಚಮಚದಷ್ಟೇ ಹಿಡಿಯುವ ಕಿರುಜಠರವೊಂದು ಉಂಟಾಗುವುದು, ಅದು ತುಂಬಿದರೆ ಊಟ ನಿಲ್ಲುವುದು ಎಂದು ಎಲ್ಲರೂ ಭಾವಿಸಿದ್ದರು. ಮೆಲ್ಬರ್ನಿನ ಮೊನಾಷ್ ವಿಶ್ವವಿದ್ಯಾನಿಲಯದ ಪಾಲ್ ಓಬ್ರಿಯನ್ ಮತ್ತು ಅವರ ಸಹೋದ್ಯೋಗಿಗಳು ಪರೀಕ್ಷಿಸಿ ನೋಡಲಾಗಿ ವಿಷಯ ಬೇರೆಯೆಂದು ತಿಳಿದುಬಂದಿತು. ಸರಿಯಾಗಿ ಹೊಂದಿಸಿದ ಪಟ್ಟಿಯ ಮೇಲೆ ಅನ್ನವು ನಿಲ್ಲಬಾರದು. ಚೆನ್ನಾಗಿ ಅಗಿದ ತುತ್ತನ್ನು ಅನ್ನನಾಳವು ಹಲವು ಸಲ ಹಿಂಡಿ ಹಿಂಡಿ ಪಟ್ಟಿಯ ಕೆಳಕ್ಕೆ ದಾಟಿಸುವುದು; ಇದಕ್ಕೆ ಒಂದು ನಿಮಿಷದವರೆಗೂ ಹಿಡಿಯಬಹುದು. ಹೀಗೆ ಪ್ರತಿಯೊಂದು ತುತ್ತೂ ಹಾಯುವಾಗ ಆ ಭಾಗದ ನರಗಳು ಒತ್ತಲ್ಪಟ್ಟು ಮಿದುಳಿಗೆ ತೃಪ್ತಿಯ ವಾರ್ತೆಯನ್ನು ಮುಟ್ಟಿಸುವುವು. ಆದುದರಿಂದ ಪಟ್ಟಿಯು ಬಾಗಿಲನ್ನು ಮುಚ್ಚುವ ಅಗುಳಿಯಲ್ಲ. ಸಾಕೆಂಬ ಭಾವವನ್ನು ಬೇಗ ತರುವ ಒಂದು ಸಾಧನ. ಆ ವಾರ್ತೆಯನ್ನು ಕೇಳುವಷ್ಟು ನಿಧಾನವಾಗಿ ಉಣ್ಣುವವನಿಗೆ ಮಾತ್ರ ಅದು ಉಪಯುಕ್ತ.

ಪಟ್ಟಿಯನ್ನು ಹೊಂದಿಸುವುದು ವೈದ್ಯನ ಕೆಲಸ. ಪಟ್ಟಿಗೆ ಹೊಂದಿಕೊಳ್ಳುವುದು ರೋಗಿಯ ಕೆಲಸ. ಇವೆರಡೂ ಒಟ್ಟಿಗೆ ನಡೆಯಬೇಕು. ಮೊದಲ ಕೆಲವು ವಾರಗಳಲ್ಲಿ ತಿಳಿಯಾದ ಪಾನೀಯ, ಅನಂತರ ನುಣ್ಣಗೆ ಮಸೆದ ಆಹಾರ, ಆಮೇಲೆ ಗಟ್ಟಿಯಾದ ಊಟ, ಹೀಗೆ ಮೆಟ್ಟಲು ಮೆಟ್ಟಲಾಗಿ ಏರುವರು. ಗಾಯ ಮಾಯುವವರೆಗೆ, ಎಂದರೆ ನಾಲ್ಕರಿಂದ ಆರು ವಾರಗಳವರೆಗೆ, ಪಟ್ಟಿಯಲ್ಲಿ ನೀರನ್ನು ತುಂಬುವುದಿಲ್ಲ. ಈ ನಡುಗಾಲವೇ ಬಹುಮಂದಿಗೆ ಎದೆಗುಂದಿಸುವಂತಹುದು. ಬಾವು ಇಳಿದಿರುತ್ತದೆ, ಹಸಿವು ಮರಳಿರುತ್ತದೆ, ಪಟ್ಟಿ ಇನ್ನೂ ಕೆಲಸವನ್ನು ಆರಂಭಿಸಿರುವುದಿಲ್ಲ. ಇಷ್ಟೆಲ್ಲ ಪಟ್ಟ ಕಷ್ಟ ಸುಳ್ಳಾಯಿತೆಂದು ರೋಗಿಯು ತನ್ನನ್ನೇ ಹಳಿದುಕೊಳ್ಳುವನು. ಅನಂತರ ಸ್ವಲ್ಪ ಸ್ವಲ್ಪವಾಗಿ ನೀರನ್ನು ತುಂಬಿ, ಹಸಿವು ಅಡಗಿಯೂ ಊಟ ಇಳಿಯುವ ಹದವನ್ನು ಹುಡುಕುವರು. ಆ ಹದವು ಒಬ್ಬನಿಗಿದ್ದಂತೆ ಮತ್ತೊಬ್ಬನಿಗಿಲ್ಲ. ಒಬ್ಬನಿಗೇ ಒಂದು ಕಾಲದಲ್ಲಿದ್ದಂತೆ ಮತ್ತೊಂದು ಕಾಲದಲ್ಲಿಲ್ಲ. ಗರ್ಭಿಣಿಯರಿಗೆ ವಾಂತಿ ಹೆಚ್ಚಾದರೆ ನೀರನ್ನು ತೆಗೆದು ಸಡಿಲಿಸುವರು.

ಮೆಲ್ಬರ್ನಿನ ವೈದ್ಯರು ತಮ್ಮ ರೋಗಿಗಳಿಗೆ ಕಲಿಸಿದ ನಿಯಮಗಳು ಕೇಳುವುದಕ್ಕೆ ಸುಲಭವಾಗಿವೆ. ದಿನಕ್ಕೆ ಮೂರಕ್ಕೆ ಮೀರದ ಸಣ್ಣ ಊಟಗಳು, ನಡುವೆ ತಿಂಡಿಯಿಲ್ಲ. ಸಣ್ಣ ತಟ್ಟೆ, ಸಣ್ಣ ಚಮಚ, ಸಣ್ಣ ತುತ್ತು. ಪ್ರತಿಯೊಂದು ತುತ್ತನ್ನೂ ನುರಿಯುವಂತೆ ಅಗಿದು ನುಂಗಿ, ಒಂದು ನಿಮಿಷ ತಡೆದು ಮುಂದಿನದನ್ನು ತೆಗೆದುಕೊಳ್ಳಬೇಕು. ಮಾಂಸವರ್ಧಕವಾದ ಆಹಾರಕ್ಕೆ ಮೊದಲ ಸ್ಥಾನ. ಊಟದೊಡನೆ ನೀರನ್ನು ಕುಡಿಯಲಾಗದು. ಸಿಹಿಪಾನೀಯಗಳು ಎಂದಿಗೂ ಸಲ್ಲವು. ಹಸಿವು ಅಡಗಿದ ಗಳಿಗೆಯಲ್ಲಿ, ತಟ್ಟೆಯಲ್ಲಿ ಉಳಿದಿದ್ದರೂ, ಕೈತೊಳೆಯಬೇಕು. ದಿನವೂ ಅರ್ಧ ಗಂಟೆಯಾದರೂ ನಡೆಯಬೇಕು. ಎಲೆಯಲ್ಲಿ ಅನ್ನವನ್ನು ಬಿಡುವುದು ಪಾಪವೆಂದು ಮಕ್ಕಳಿಗೆ ಕಲಿಸುವ ಮನೆಗಳಲ್ಲಿ ಬೆಳೆದವರಿಗೆ ಇವುಗಳಲ್ಲಿ ಯಾವುದು ಕಠಿನವೆಂಬುದನ್ನು ವಾಚಕರು ತಾವೇ ಊಹಿಸಬಹುದು.

ನಿಯಮ ತಪ್ಪಿದರೆ ದಂಡನೆಯು ಕೂಡಲೇ ಬರುವುದು. ಅವಸರದಲ್ಲಿ ನುಂಗಿದ ತುತ್ತು ಪಟ್ಟಿಯ ಮೇಲೆ ಸಿಕ್ಕಿಕೊಂಡು ಎದೆಯ ನಡುವೆ ಹಿಡಿದಂತಾಗುವುದು. ಬಾಯಲ್ಲಿ ಲೋಳೆಯಂತಹ ಜೊಲ್ಲು ಉಕ್ಕುವುದು. ಕೊನೆಗೆ ತುತ್ತು ಹಿಂದಕ್ಕೆ ಬರುವುದು. ಹೊಸ ರೊಟ್ಟಿ, ಒಣಗಿದ ಮಾಂಸ, ಅಂಟಂಟಾಗಿ ಬೆಂದ ಅನ್ನ, ನಾರುಳ್ಳ ಕಾಯಿಹಣ್ಣು ಇವು ಹೆಚ್ಚಾಗಿ ತೊಡಕುವುವು. ಮನೆಯಲ್ಲಿ ಒಬ್ಬಂಟಿಗನಾಗಿದ್ದಾಗ ಇದು ಬರಿಯ ನೋವು. ಮದುವೆಯ ಪಂಕ್ತಿಯಲ್ಲಿಯೋ ಕಚೇರಿಯ ಗೆಳೆಯರೊಡನೆಯೋ ಕುಳಿತಾಗ ಇದೇ ನಾಚಿಕೆ. ಆದುದರಿಂದ ಎಷ್ಟೋ ಮಂದಿ ಹೊರಗಣ ಊಟವನ್ನೇ ಬಿಡುವರು. ಉಳಿದವರೆಲ್ಲರೂ ಎದ್ದ ಮೇಲೆಯೂ ತಣ್ಣಗಾದ ತಟ್ಟೆಯ ಮುಂದೆ ಕುಳಿತಿರುವುದು, ಬಡಿಸುವವರಿಗೆ ಸಾಕು ಸಾಕೆನ್ನುವುದು, ರುಚಿಯಿಲ್ಲವೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಇವೆಲ್ಲ ಅಭ್ಯಾಸದಿಂದ ಬರಬೇಕು. ಕೊರ್ನಾರೊವಿನ ಎರಡು ಔನ್ಸಿನ ಒತ್ತಾಯವು ನಾಲ್ಕುನೂರು ವರ್ಷಗಳ ಮೇಲೆಯೂ ಪಂಕ್ತಿಯಿಂದ ಹೋಗಿರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದುಂಟು. ಗಟ್ಟಿಯಾದ ಆಹಾರವನ್ನು ತಡೆಯುವ ಪಟ್ಟಿಯು ಕರಗುವ ಆಹಾರವನ್ನು ತಡೆಯಲಾರದು. ಐಸ್‌ಕ್ರೀಂ, ಚಾಕಲೇಟು, ಸಿಹಿಹಾಲು ಇವು ತಡೆಯಿಲ್ಲದೆ ಜಾರುವುವು. ಹೆಚ್ಚು ಬಿಗಿದಷ್ಟೂ ಹೆಚ್ಚು ತೂಕ ಇಳಿಯುವುದೆಂದು ಭಾವಿಸಿ ಕೆಲವರು ಇನ್ನಷ್ಟು ಬಿಗಿಯಬೇಕೆಂದು ಕೇಳುವರು. ಆಗ ಫಲವು ತಲೆಕೆಳಗಾಗುವುದು. ಪಲ್ಯ, ಬೇಳೆ, ರೊಟ್ಟಿ ಇಳಿಯದಿರಲು ಸಿಹಿಯ ಕಡೆಗೆ ಕೈ ಹೋಗಿ ತೂಕವು ಏರುವುದು. ರಾತ್ರಿ ಮಲಗಿದಾಗ ಹುಳಿನೀರು ಗಂಟಲಿಗೆ ಬಂದು ಕೆಮ್ಮು ಹತ್ತುವುದು. ಕಾಲಕ್ರಮದಲ್ಲಿ ಅನ್ನನಾಳವು ಹಿಗ್ಗುವುದು. ಹೊರಗಿನವರು ಇದನ್ನು ಚಾಪಲ್ಯವೆಂದು ತಿಳಿಯುವರು. ವಾಸ್ತವವಾಗಿ ಎಷ್ಟೋ ಸಂದರ್ಭಗಳಲ್ಲಿ ಅದು ಕಟ್ಟಿನ ಹದ ತಪ್ಪಿದುದರ ಲಕ್ಷಣ. ಸ್ವಲ್ಪ ನೀರನ್ನು ಹೊರಕ್ಕೆ ತೆಗೆದರೆ ಗಟ್ಟಿಯಾದ ಊಟಕ್ಕೆ ಮರಳುವುದು ಸಾಧ್ಯ.

ದೇಹವು ಕುಗ್ಗಿದರೆ ಮನಸ್ಸು ಕೂಡಲೇ ಹಿಗ್ಗುವುದೆಂದು ಹೇಳಲಾಗದು. ಮೊದಲ ತಿಂಗಳುಗಳಲ್ಲಿ ಕೂದಲು ಉದುರಬಹುದು. ತೂಕ ಬಹಳವಾಗಿ ಇಳಿದರೆ ಹೊಟ್ಟೆ ತೋಳುಗಳ ಚರ್ಮವು ಜೋತುಬೀಳುವುದು. ದುಃಖವನ್ನೋ ಬೇಸರವನ್ನೋ ತಿಂಡಿಯಿಂದ ಮರೆಯುತ್ತಿದ್ದವನಿಗೆ ಆ ಮರೆವು ಇಲ್ಲವಾಗುವುದು. ಮನೆಯವರೊಡನೆ ಇದ್ದ ಸಂಬಂಧವೂ ಬದಲಾಗುವುದು. ಸ್ವೀಡನ್ನಿನ ವಿದ್ವಾಂಸರು ೨೦೧೮ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಒಂಟಿಗರಲ್ಲಿ ವಿವಾಹವೂ ಹೊಸ ಸಂಬಂಧಗಳೂ ಹೆಚ್ಚಿದುವೆಂದೂ, ಮೊದಲೇ ಜೊತೆಯಾಗಿದ್ದವರಲ್ಲಿ ಅಗಲಿಕೆಯೂ ಹೆಚ್ಚಿತೆಂದೂ ಕಂಡುಬಂದಿತು. ಒಬ್ಬರ ಊಟ ಬದಲಾದರೆ ಅಡುಗೆಮನೆಯೇ ಬದಲಾಗಬೇಕು.

ಫಲವೇನಾಯಿತೆಂಬುದನ್ನು ಅಂಕಿಗಳಿಂದ ನೋಡಬಹುದು. ಹೊಸದಾಗಿ ಮಧುಮೇಹ ಬಂದಿದ್ದ ೬೦ ಮಂದಿ ಸ್ಥೂಲಕಾಯರನ್ನು ಮೆಲ್ಬರ್ನಿನಲ್ಲಿ ಎರಡು ಗುಂಪಾಗಿ ವಿಂಗಡಿಸಿ, ಒಂದಕ್ಕೆ ಜಠರಬಂಧವನ್ನೂ ಮತ್ತೊಂದಕ್ಕೆ ವಾಡಿಕೆಯ ಚಿಕಿತ್ಸೆಯನ್ನೂ ಕೊಟ್ಟರು. ಎರಡು ವರ್ಷಗಳ ಮೇಲೆ ಮೊದಲನೆಯ ಗುಂಪಿನಲ್ಲಿ ೨೨ ಮಂದಿಯ, ಎರಡನೆಯದರಲ್ಲಿ ೪ ಮಂದಿಯ ಮಧುಮೇಹವು ಶಮನವಾಗಿದ್ದಿತೆಂದು ೨೦೦೮ರಲ್ಲಿ ಪ್ರಕಟವಾಯಿತು. ಅದೇ ಪಂಗಡದವರು ೨೦೧೩ರಲ್ಲಿ ತಮ್ಮ ಹಳೆಯ ರೋಗಿಗಳ ಲೆಕ್ಕವನ್ನು ಕೊಟ್ಟರು. ಹದಿನೈದು ವರ್ಷಗಳಾದ ಮೇಲೂ ಅಧಿಕವಾಗಿದ್ದ ತೂಕದಲ್ಲಿ ನೂರಕ್ಕೆ ೪೭ ಭಾಗವು ಇಳಿದೇ ಇದ್ದಿತು. ಆದರೆ ನೂರಕ್ಕೆ ೪೩ ಮಂದಿಗೆ ಯಾವುದಾದರೊಂದು ಮರುಶಸ್ತ್ರಕ್ರಿಯೆ ಬೇಕಾಗಿದ್ದಿತೆಂಬುದನ್ನೂ ಅವರು ಮುಚ್ಚಿಡಲಿಲ್ಲ.

ಬ್ರಸೆಲ್ಸಿನ ವೈದ್ಯರಾದ ಹಿಂಪೆನ್ಸ್ ಮತ್ತು ಅವರ ಸಂಗಡಿಗರು ೨೦೧೧ರಲ್ಲಿ ಕೊಟ್ಟ ಲೆಕ್ಕ ಇದಕ್ಕಿಂತ ಕಠೋರವಾಗಿದ್ದಿತು. ೧೯೯೪ರಿಂದ ೧೯೯೭ರ ವರೆಗೆ ಪಟ್ಟಿ ತೊಡಿಸಿದ ೧೫೧ ಮಂದಿಯಲ್ಲಿ ೮೨ ಮಂದಿಯನ್ನು ಅವರು ಮತ್ತೆ ಕಂಡರು. ನೂರಕ್ಕೆ ಸುಮಾರು ೬೦ ಮಂದಿಗೆ ಮರುಶಸ್ತ್ರಕ್ರಿಯೆ ಆಗಿದ್ದಿತು. ನೂರಕ್ಕೆ ೨೮ ಮಂದಿಯಲ್ಲಿ ಪಟ್ಟಿಯು ಜಠರದ ಗೋಡೆಯನ್ನು ಸವೆಸಿ ಒಳಹೊಕ್ಕಿದ್ದಿತು. ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಯ ಪಟ್ಟಿಯನ್ನು ತೆಗೆಯಬೇಕಾಗಿದ್ದಿತು. ಸ್ವೀಡನ್ನಿನಲ್ಲಿ ೧೯೮೭ರಿಂದ ನಡೆದ ದೊಡ್ಡ ಪರಿಶೀಲನೆಯು, ಶಸ್ತ್ರಚಿಕಿತ್ಸೆಗೆ ಒಳಗಾದ ಸ್ಥೂಲಕಾಯರಲ್ಲಿ ಮರಣವು ಕಡಿಮೆಯೆಂಬುದನ್ನು ೨೦೦೭ರಲ್ಲಿ ತೋರಿಸಿಕೊಟ್ಟಿತು. ಆದರೆ ಬಗೆಬಗೆಯ ಶಸ್ತ್ರಕ್ರಿಯೆಗಳಲ್ಲಿ ಪಟ್ಟಿಯೇ ಹಿಂದೆಬಿದ್ದಿದ್ದಿತು. ಹದಿನೈದು ವರ್ಷಗಳ ಮೇಲೆ ಪಟ್ಟಿಯವರಲ್ಲಿ ದೇಹದ ತೂಕದ ನೂರಕ್ಕೆ ೧೩ ಭಾಗ ಇಳಿದು ಉಳಿದಿದ್ದರೆ, ಮೇಸನ್ನರ ಬಳಸುದಾರಿಯವರಲ್ಲಿ ೨೭ ಭಾಗ ಉಳಿದಿದ್ದಿತು.

ಒಂದೇ ಸಾಧನಕ್ಕೆ ಇಷ್ಟು ಭಿನ್ನವಾದ ಫಲಗಳು ಏಕೆ ಬಂದುವು? ಪಟ್ಟಿಯ ರಚನೆಯೂ ತೊಡಿಸುವ ಕ್ರಮವೂ ಮೊದಲು ಕಚ್ಚಾ ಆಗಿದ್ದುವೆಂಬುದು ಒಂದು ಕಾರಣ. ಮತ್ತೊಂದನ್ನು ನ್ಯೂಯಾರ್ಕಿನ ವೈದ್ಯರು ೨೦೦೪ರಲ್ಲಿಯೇ ಕಂಡುಕೊಂಡಿದ್ದರು. ಮೊದಲ ವರ್ಷದಲ್ಲಿ ಆರು ಸಲಕ್ಕಿಂತ ಹೆಚ್ಚಾಗಿ ವೈದ್ಯರಲ್ಲಿಗೆ ಬಂದ ಪಟ್ಟಿಯ ರೋಗಿಗಳಲ್ಲಿ ಅಧಿಕ ತೂಕದ ನೂರಕ್ಕೆ ೫೦ ಭಾಗವೂ, ಅಷ್ಟು ಬಾರದವರಲ್ಲಿ ೪೨ ಭಾಗವೂ ಇಳಿದಿದ್ದಿತು. ಬಳಸುದಾರಿಯ ರೋಗಿಗಳಲ್ಲಿ ಇಂತಹ ಅಂತರವಿರಲಿಲ್ಲ. ಎಂದರೆ ಪಟ್ಟಿಯು ಆರೈಕೆಯನ್ನು ಬೇಡುವ ಚಿಕಿತ್ಸೆ. ಆದರೆ ಅದನ್ನು ಸಾಮಾನಿನಂತೆ ಮಾರಿದವರೂ ಇದ್ದರು. ಅಪಾಯಗಳನ್ನು ಸರಿಯಾಗಿ ತಿಳಿಸದ ಜಾಹೀರಾತುಗಳಿಗಾಗಿ ಕ್ಯಾಲಿಫೋರ್ನಿಯದ ಕೆಲವು ಚಿಕಿತ್ಸಾಲಯಗಳಿಗೆ ಅಮೆರಿಕದ ಸರ್ಕಾರವು ೨೦೧೧ರ ಡಿಸೆಂಬರಿನಲ್ಲಿ ಎಚ್ಚರಿಕೆಯನ್ನು ಕೊಡಬೇಕಾಯಿತು. ಆ ವರ್ಷ ಅಮೆರಿಕದಲ್ಲಿ ತೂಕ ಇಳಿಸುವ ಶಸ್ತ್ರಕ್ರಿಯೆಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಜಠರಬಂಧಗಳೇ ಆಗಿದ್ದುವು. ೨೦೧೯ರ ವೇಳೆಗೆ ಅವು ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಾದುವು. ಜಠರದ ಬಹುಭಾಗವನ್ನು ಕೊಯ್ದು ಕೊಳವೆಯಂತೆ ಮಾಡುವ ಮತ್ತೊಂದು ಕ್ರಮವು ಅದರ ಸ್ಥಾನವನ್ನು ಆಕ್ರಮಿಸಿತು. ೨೦೨೧ರಲ್ಲಿ ಹಸಿವನ್ನು ತಗ್ಗಿಸುವ ಸೆಮಾಗ್ಲುಟೈಡ್ ಎಂಬ ಔಷಧಿಯನ್ನು ಸ್ಥೌಲ್ಯದ ಚಿಕಿತ್ಸೆಗಾಗಿ ಅಮೆರಿಕವು ಅಂಗೀಕರಿಸಿತು. ಅದನ್ನು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತೆಂದು ೨೦೨೨ರ ಪರಿಶೀಲನೆಯೊಂದು ಹೇಳುವುದು. ಸಾಧನವು ಬದಲಾದರೂ ಪ್ರಶ್ನೆಯು ಬದಲಾಗಿಲ್ಲ.

ಪಟ್ಟಿಯನ್ನು ತೆಗೆಸಿಕೊಂಡವರಲ್ಲಿ ಬಹುಮಂದಿ ಅದನ್ನು ತಮ್ಮ ಸೋಲೆಂದು ತಿಳಿದರು. ಸುತ್ತಲಿನವರೂ ಹಾಗೆಯೇ ತಿಳಿದರು. ಸವೆದ ಜಠರಕ್ಕೂ ಜಾರಿದ ಪಟ್ಟಿಗೂ ರೋಗಿಯ ಮನೋಬಲಕ್ಕೂ ಸಂಬಂಧವಿಲ್ಲವೆಂಬುದನ್ನು ಮೇಲಿನ ಅಂಕಿಗಳು ಸ್ಪಷ್ಟಪಡಿಸುವುವು. ಆದರೂ ನಿಂದಿತರ ಪಂಕ್ತಿಯಿಂದ ಅವರನ್ನು ಎಬ್ಬಿಸುವುದು ಶಸ್ತ್ರದಿಂದ ಆಗಲಿಲ್ಲ.

ಯಶೋದೆಯು ಬಾಲಕೃಷ್ಣನ ಹೊಟ್ಟೆಗೆ ಹಗ್ಗವನ್ನು ಕಟ್ಟಲು ಹೋದ ಕಥೆಯನ್ನು ಅರಿಯದವರಿಲ್ಲ. ಎಷ್ಟು ಹಗ್ಗಗಳನ್ನು ಸೇರಿಸಿದರೂ ಎರಡು ಅಂಗುಲ ಸಾಲದೆ ಬಂದಿತು. ಆ ಎರಡು ಅಂಗುಲಗಳಲ್ಲಿ ಒಂದು ಕಟ್ಟುವವಳ ಶ್ರಮ, ಮತ್ತೊಂದು ಕಟ್ಟಿಸಿಕೊಳ್ಳುವವನ ಕೃಪೆ ಎಂದು ವ್ಯಾಖ್ಯಾನಕಾರರು ಅರ್ಥಮಾಡಿರುವರು. ಜಠರಬಂಧದ ಚರಿತ್ರೆಯನ್ನು ಓದಿದವರಿಗೆ ಈ ಲೆಕ್ಕವು ಪರಿಚಿತವಾಗಿಯೇ ತೋರುವುದು. ಸಿಲಿಕೋನಿನ ಪಟ್ಟಿಯೂ ಎರಡು ಅಂಗುಲ ಸಾಲದೆ ಬಂದಿತು. ಒಂದನ್ನು ರೋಗಿಯು ತನ್ನ ತಾಳ್ಮೆಯಿಂದ ತುಂಬಬೇಕಾಗಿದ್ದಿತು. ಮತ್ತೊಂದನ್ನು ವರ್ಷ ವರ್ಷವೂ ಕರೆದು ನೋಡುವ ವೈದ್ಯನೂ, ಸಾಕೆಂದವನ ಎಲೆಗೆ ಮತ್ತೆ ಬಡಿಸದ ಮನೆಯವರೂ ತುಂಬಬೇಕಾಗಿದ್ದಿತು. ಎಲ್ಲಿ ಎರಡೂ ಕೂಡಿಬಂದುವೋ ಅಲ್ಲಿ ಕಟ್ಟು ಹೆಚ್ಚಾಗಿ ನಿಂತಿತು.